ವೈಜ್ಞಾನಿಕ ಚಿತ್ರವೂ ಅದನ್ನು ಉಳಿಸುವ ಕ್ರಮವೂ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅವರು 1997ರಲ್ಲಿ ಹೊರತಂದ ‘ಇಮೇಜ್‌ಜೆ’ ತಂತ್ರಾಂಶದಲ್ಲಿ ಜೀವಕೋಶವೊಂದರ ಚಿತ್ರವನ್ನು ಪರಿಶೀಲಿಸಿದ ಸಂಶೋಧಕನು, ಅದನ್ನು ಯಾವ ಕಡತರೂಪದಲ್ಲಿ ಉಳಿಸಬೇಕೆಂಬುದನ್ನು ಅಲ್ಪವಿಷಯವೆಂದು ಬಗೆಯಲಾಗದು. 16 ಬಿಟ್‌ಗಳ ಚಿತ್ರದ ಪ್ರತಿಯೊಂದು ಬಿಂದುವೂ 65,536 ಪ್ರಕಾಶಮಟ್ಟಗಳಲ್ಲಿ ಒಂದನ್ನು ಧರಿಸಬಲ್ಲದು. ಅದನ್ನೇ ಜೆಪೆಗ್ ಆಗಿ ಉಳಿಸಿದೊಡನೆ ಆ ಮಟ್ಟಗಳು 256ಕ್ಕೆ ಕುಗ್ಗುವುದಲ್ಲದೆ, ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ವಿಭಜಿಸಿ ಸೂಕ್ಷ್ಮ ವಿವರಗಳನ್ನು ತ್ಯಜಿಸುವ ಆ ಪದ್ಧತಿಯಿಂದ, ಜೀವಕೋಶದಲ್ಲಿ ಇಲ್ಲವೇ ಇಲ್ಲದ ಅಂಚುಗಳು ಚಿತ್ರದಲ್ಲಿ ತಲೆದೋರುತ್ತವೆ. ಒಮ್ಮೆ ಕಳೆದ ಮಾಹಿತಿಯು ಮತ್ತೆ ದೊರೆಯದು. ಟಿಫ್ ರೂಪವಾದರೋ ಬಿಂದುಗಳ ಮೂಲಮೌಲ್ಯಗಳನ್ನೂ, ಒಂದು ಬಿಂದುವು ಎಷ್ಟು ಮೈಕ್ರೋಮೀಟರಿಗೆ ಸಮವೆಂಬ ಮಾನವನ್ನೂ ಕಾಪಾಡಬಲ್ಲದು. ಆದಕಾರಣ ಮೂಲ ಕಡತವನ್ನು ಮುಟ್ಟದೆ ಕಾದಿರಿಸಿ, ಅಳತೆಗೆ ಟಿಫ್ ರೂಪವನ್ನೂ, ಉಪನ್ಯಾಸದ ಪ್ರದರ್ಶನಕ್ಕೆ ನಷ್ಟವಿಲ್ಲದೆ ಸಂಕುಚಿಸುವ ಪಿಎನ್‌ಜಿ ಪ್ರತಿಯನ್ನೂ ಬಳಸುವುದು, ವಿಜ್ಞಾನಿಯು ಸತ್ಯಕ್ಕೆ ಸಲ್ಲಿಸಬೇಕಾದ ಕನಿಷ್ಠ ಗೌರವವಾಗಿದೆ.