ಡಯಾಲಿಸಿಸ್ ರೋಗಿಗಳ ಮನಸ್ಸಿಗೂ ಆರೈಕೆ ಬೇಕು

ಬನಶಂಕರಿ ಎರಡನೆಯ ಹಂತದ ಹಿರಿಯ ಶರಣರೊಬ್ಬರು ಕೆಲವು ತಿಂಗಳಿಂದ ಶ್ರೀಮಠಕ್ಕೆ ಬಂದಿರಲಿಲ್ಲ. ಮೂತ್ರಪಿಂಡಗಳು ವಿಫಲವಾಗಿ ಅವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆಯುತ್ತಿದೆ ಎಂದು ತಿಳಿದು ನಾವು ಅವರ ಮನೆಗೆ ಹೋದೆವು. ಅವರು ನೋವಿನ ಮಾತನ್ನು ಹೆಚ್ಚು ಆಡಲಿಲ್ಲ. ಎಡಗೈಯನ್ನು ಮುಂದೆ ಚಾಚಿ, “ಸೂಜಿ ಚುಚ್ಚುವುದು ಈ ಕೈಗೆ. ಲಿಂಗಪೂಜೆಯೂ ಈ ಕೈಯಲ್ಲೇ. ಇನ್ನು ಪೂಜೆ ಮಾಡಬಹುದೋ ಇಲ್ಲವೋ, ಯಾರನ್ನು ಕೇಳಲಿ?” ಎಂದರು.

ಆಸ್ಪತ್ರೆಯಲ್ಲಿ ಕೇಳಲು ಅವರಿಗೆ ಸಂಕೋಚ, ಮಕ್ಕಳನ್ನು ಕೇಳಲು ಅಳುಕು. ಡಯಾಲಿಸಿಸ್‌ಗಾಗಿ ಕೈಯ ಎರಡು ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ, ಬಲಗೈ ರೂಢಿಯವರಿಗೆ ಸಾಮಾನ್ಯವಾಗಿ ಎಡಗೈಯಲ್ಲೇ ಇರುತ್ತದೆ. ಆ ಕೈಯಿಂದ ಭಾರ ಎತ್ತಬಾರದು, ಅದಕ್ಕೆ ಬಿಗಿಯಾಗಿ ಏನನ್ನೂ ಕಟ್ಟಬಾರದು, ಅದರಲ್ಲಿ ರಕ್ತದೊತ್ತಡ ನೋಡಿಸಬಾರದು. ಶಸ್ತ್ರಕ್ರಿಯೆಯ ಗಾಯ ಮಾಗಿದ ಮೇಲೆ ಇಷ್ಟಲಿಂಗವನ್ನು ವಾಮಕರಸ್ಥಲದಲ್ಲಿ ಧರಿಸಿ ಪೂಜಿಸಲು ಅಡ್ಡಿಯಿಲ್ಲವೆಂದೂ, ಅಂದು ಸೂಜಿ ಚುಚ್ಚಿದ ಜಾಗ ಮಾತ್ರ ನೆನೆಯಬಾರದೆಂದೂ ಅವರ ವೈದ್ಯರೇ ಮುಂದೆ ಹೇಳಿದರು. ಎರಡು ನಿಮಿಷದ ಮಾತು. ಅದಿಲ್ಲದೆ ಅವರು ತಿಂಗಳುಗಟ್ಟಲೆ ಕೊರಗಿದ್ದರು.

ಮಠಕ್ಕೆ ಬಾರದಿರಲು ಮತ್ತೊಂದು ಕಾರಣವಿತ್ತು. ಅದನ್ನು ಕೇಳಿ ನಮಗೆ ನಾಚಿಕೆಯಾಯಿತು. ದಾಸೋಹದಲ್ಲಿ ನಾವೇ ಪ್ರೀತಿಯಿಂದ ಬಾಳೆಹಣ್ಣು, ಎಳನೀರು, ಪಾಯಸಗಳನ್ನು ಒತ್ತಾಯಿಸುತ್ತಿದ್ದೆವು. ಪಾದೋದಕವನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಬೇಕಾದವರು ಅವರು. ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಂ ಇಂಥವರ ಹೃದಯಕ್ಕೇ ಅಪಾಯ ತರಬಲ್ಲದು. ಪ್ರಸಾದವನ್ನು ಬೇಡವೆನ್ನಲಾರದೆ ಅವರು ಬರುವುದನ್ನೇ ಬಿಟ್ಟಿದ್ದರು.

ಒಂದು ಸರದಿಗೆ ಸುಮಾರು ನಾಲ್ಕು ಗಂಟೆಯಂತೆ ವಾರಕ್ಕೆ 12 ಗಂಟೆ ಯಂತ್ರದ ಪಕ್ಕದಲ್ಲಿ ಕಳೆಯುತ್ತದೆ. ಬಿ.ಟಿ.ಎಂ. ಬಡಾವಣೆಯ ವಾಹನದಟ್ಟಣೆಯಲ್ಲಿ ಹೋಗಿಬರುವ ಹೊತ್ತು, ಬಂದ ಮೇಲಿನ ಸುಸ್ತು ಬೇರೆ. ಕುಟುಂಬಕ್ಕೆ ಭಾರವಾದೆನೆಂಬ ಭಾವ ಸದ್ದಿಲ್ಲದೆ ಬೆಳೆಯುವುದು ಇಲ್ಲಿಯೇ. ನಿದ್ರಾಹೀನತೆ, ಹಸಿವಿಲ್ಲದಿರುವುದು, ಆಯಾಸ ಇವು ಮೂತ್ರಪಿಂಡ ರೋಗದ ಲಕ್ಷಣಗಳೂ ಹೌದು, ಖಿನ್ನತೆಯ ಲಕ್ಷಣಗಳೂ ಹೌದು. ಆದ್ದರಿಂದ ಖಿನ್ನತೆ ಕಣ್ಣುತಪ್ಪುತ್ತದೆ. “ನಾಳೆ ಡಯಾಲಿಸಿಸ್‌ಗೆ ಹೋಗಲಾರೆ” ಎಂಬ ಮಾತು ಬಂದರೆ ಗದರಬೇಡಿ, “ಧೈರ್ಯ ತಂದುಕೊಳ್ಳಿ” ಎಂದು ಮುಗಿಸಲೂಬೇಡಿ. ಏಕೆ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ, ಅಂದೇ ವೈದ್ಯರಿಗೆ ತಿಳಿಸಿ. ಸರದಿ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತಾಗಬಹುದು.

ಖಿನ್ನತೆಗೆ ಚಿಕಿತ್ಸೆಯುಂಟು. ಜಯನಗರಕ್ಕೆ ಸಮೀಪದಲ್ಲೇ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ರೋಗಿಯಷ್ಟೇ ಅಲ್ಲ, ರಾತ್ರಿಯೆಲ್ಲ ಎಚ್ಚರವಿರುವ ಅವರ ಮನೆಯವರೂ ಮಾತನಾಡಲಿ. ಮನೋವೈದ್ಯರು ಔಷಧ ಬರೆಯುವಾಗ ಡಯಾಲಿಸಿಸ್ ವಿಷಯ ತಪ್ಪದೆ ಹೇಳಬೇಕು. ಪ್ರಮಾಣವನ್ನು ಅದಕ್ಕೆ ತಕ್ಕಂತೆ ನಿರ್ಧರಿಸುತ್ತಾರೆ.

ಆ ಶರಣರು ಈಗ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬರುತ್ತಾರೆ. ಬೆಳಗಿನ ಪೂಜೆ ಮುಗಿಸಿಯೇ ಮನೆ ಬಿಡುತ್ತಾರಂತೆ. ದಾಸೋಹದ ಲೆಕ್ಕದ ಪುಸ್ತಕ ಅವರ ವಶದಲ್ಲಿದೆ. ಹಿಂದಿನ ಎರಡು ತಿಂಗಳ ನಮ್ಮ ಕೂಡಿಕೆಯಲ್ಲಿ ತಪ್ಪು ಹುಡುಕಿ ಕೊಟ್ಟಿದ್ದಾರೆ.