ಉಟ್ಟದ್ದೊಂದು, ಒಗೆದದ್ದೊಂದು

ಪೆಟ್ಟಿಗೆ ಕಟ್ಟುವ ವಿದ್ಯೆಯನ್ನು ನಾನು ಕಲಿತದ್ದು ನಮ್ಮ ತಂದೆಯವರಿಂದ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಕರಿಯ ತಗಡಿನ ಟ್ರಂಕು ಒಂದಿತ್ತು. ಅವರು ಶಿವಮೊಗ್ಗಕ್ಕೆ ಹೋಗಲಿ, ಕಾಶಿಗೇ ಹೋಗಲಿ, ಬಟ್ಟೆಯ ಲೆಕ್ಕ ಮಾತ್ರ ಬದಲಾಗುತ್ತಿರಲಿಲ್ಲ: ಉಟ್ಟದ್ದೊಂದು, ಒಗೆದದ್ದೊಂದು, ಒಣಗುವುದೊಂದು. ನಾಲ್ಕನೆಯದನ್ನು ಹೊತ್ತುಕೊಂಡು ಹೋಗುವವನು ಪ್ರಯಾಣಿಕನಲ್ಲ, ಜವಳಿ ವ್ಯಾಪಾರಿ ಎಂದು ಅವರ ಅಭಿಪ್ರಾಯ. ಈ ಸೂತ್ರವನ್ನು ನಂಬಿಕೊಂಡು ನಾನು ಬಹುಕಾಲ ಊರೂರು ಸುತ್ತಿದ್ದೇನೆ. ಎಲ್ಲಿಯೂ ಮಾನ ಹೋದದ್ದಿಲ್ಲ.

ಸೂತ್ರ ಮೊದಲ ಬಾರಿಗೆ ಕೈಕೊಟ್ಟದ್ದು 2023ರ ಜೂನ್ ತಿಂಗಳಿನಲ್ಲಿ, ಅಮೆರಿಕದ ಸಿಯಾಟಲ್ ನಗರದಲ್ಲಿ, ಮಗನ ಮನೆಯ ಮಂಚದ ಮೇಲೆ. ನಮ್ಮಿಬ್ಬರನ್ನೂ ಏಳು ರಾತ್ರಿಗಳ ಹಡಗಿನ ವಿಹಾರಕ್ಕೆ ಕರೆದುಕೊಂಡು ಹೋಗುವುದೆಂದು ಮಗನೂ ಸೊಸೆಯೂ ನಿಶ್ಚಯಿಸಿದ್ದರು. ಹಿಂದಿನ ಕಾಲದ ಹಡಗು ಒಂದು ದಡದಿಂದ ಇನ್ನೊಂದು ದಡಕ್ಕೆ ಮುಟ್ಟಿಸುತ್ತಿತ್ತು. ಈ ಹಡಗು ಅಲಾಸ್ಕದ ತೀರವನ್ನೆಲ್ಲ ತೋರಿಸಿ, ಹತ್ತಿಸಿಕೊಂಡ ದಡದಲ್ಲಿಯೇ ಮರಳಿ ಇಳಿಸುತ್ತದೆ. ಗೋಕಾಕರಿಗೆ ಹಡಗಿನ ಪ್ರಯಾಣ 'ಸಮುದ್ರ ಗೀತೆಗಳು' ಆಯಿತು. ನನಗಾದರೋ ಅದು ಹೊರಡುವ ಮೊದಲೇ ಪೆಟ್ಟಿಗೆಯ ಚಿಂತೆಯಾಯಿತು.

ಚಿಂತೆಗೆ ಕಾರಣ ಮಗ ಬರೆದು ಕೊಟ್ಟ ಪಟ್ಟಿ. ಎರಡು ರಾತ್ರಿ ಊಟಕ್ಕೆ ಮದುವೆಮನೆಗೆ ಹೋಗುವಂತೆ ಸಿಂಗರಿಸಿಕೊಂಡು ಹೋಗಬೇಕು. ಒಂದು ದಿನ ಹಿಮನದಿಯ ಎದುರು ಅಟ್ಟದ ಮೇಲೆ ಗಂಟೆಗಟ್ಟಲೆ ನಿಲ್ಲಬೇಕು. ಉಳಿದ ದಿನ ಮಳೆಯಲ್ಲಿ ನಡೆಯಬೇಕು. ನಾವು ಇಳಿಯಬೇಕಾಗಿದ್ದ ಕೆಚಿಕನ್ ಎಂಬ ಊರಿನಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ ಬೀಳುತ್ತದೆ. ನಮ್ಮ ಆಗುಂಬೆಯ ಸುಮಾರು ಅರ್ಧದಷ್ಟು ಎಂದು ನಾನು ಹೆಮ್ಮೆಯಿಂದ ಹೇಳಿದೆ. "ಆದರೆ ಅಪ್ಪ, ಅಲ್ಲಿ ಬಚ್ಚಲೊಲೆ ಇಲ್ಲ" ಎಂದ ಮಗ.

ಮಾತು ನಿಜ. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಮೂರು ಬಟ್ಟೆಗಳ ಸೂತ್ರವನ್ನು ಕಾಪಾಡುತ್ತಿದ್ದದ್ದು ಬಚ್ಚಲೊಲೆಯ ಮೇಲಿನ ಬಿದಿರಿನ ಗಳ. ಬಟ್ಟೆ ಹೊಗೆಯ ವಾಸನೆ ಹೊಡೆಯುತ್ತಿತ್ತು, ಆದರೆ ಒಣಗುತ್ತಿತ್ತು. ಹಡಗಿನಲ್ಲಿ ಬೆಂಕಿಯೆಂದರೆ ಪ್ರಾಣಭಯ. ಆದ್ದರಿಂದ ಇಸ್ತ್ರಿಪೆಟ್ಟಿಗೆ ತರುವಂತಿಲ್ಲ, ಊದುಬತ್ತಿಯಿಲ್ಲ, ದೀಪವಿಲ್ಲ. ಮೊಗಸಾಲೆಯ ಕಟಕಟೆಯ ಮೇಲೆ ಬಟ್ಟೆ ಹರವಿದರೆ ಗಾಳಿ ಒಯ್ದು ಸಮುದ್ರಕ್ಕೆ ಅರ್ಪಿಸುತ್ತದೆ. ಸ್ನಾನದ ಕೋಣೆಯಲ್ಲಿ ಎಳೆದು ಕಟ್ಟುವ ದಾರವೊಂದಿರುತ್ತದೆ. ಅದು ಎರಡು ಕಾಲುಚೀಲಗಳಿಗೆ ಸಾಕು, ಪಂಚೆಗಲ್ಲ. ಒಣಗುವುದಕ್ಕೆ ಜಾಗವಿಲ್ಲದ ಕಡೆ ತಂದೆಯವರ ಲೆಕ್ಕ ಹೇಗೆ ನಡೆದೀತು?

ಬಟ್ಟೆ ಹೆಚ್ಚು ಬೇಕು. ಕೋಣೆಯಾದರೋ ಇನ್ನೂರು ಚದರ ಅಡಿಗೂ ಕಡಿಮೆ. ಇಬ್ಬರಿಗೂ ಸೇರಿ ಒಂದೇ ದೊಡ್ಡ ಪೆಟ್ಟಿಗೆ, ಬಿಚ್ಚಿದ ಮೇಲೆ ಅದು ಮಂಚದ ಕೆಳಗೆ ಹೋಗಬೇಕು ಎಂದು ಮಗನ ಕಟ್ಟಳೆ. ಹಳೆಯ ಹಡಗುಗಳಲ್ಲಿ ಈ ಪೇಚಾಟಕ್ಕೆ ಒಂದು ಪರಿಹಾರವಿತ್ತು. ಸಾಮಾನಿಗೆ ಮೂರು ಬಗೆಯ ಚೀಟಿ ಅಂಟಿಸುತ್ತಿದ್ದರು. ಒಂದು, ಕೋಣೆಗೆ ಬರತಕ್ಕದ್ದು. ಇನ್ನೊಂದು, ಯಾನದಲ್ಲಿ ಬೇಕಾದದ್ದು, ಎಂದರೆ ಗೊತ್ತಾದ ವೇಳೆಯಲ್ಲಿ ಉಗ್ರಾಣಕ್ಕೆ ಹೋಗಿ ತೆಗೆದುಕೊಳ್ಳಬಹುದಾದದ್ದು. ಮೂರನೆಯದು, ಯಾನದಲ್ಲಿ ಬೇಡವಾದದ್ದು. ಅದು ಹಡಗಿನ ಹೊಟ್ಟೆಯ ತಳ ಸೇರಿ ದಡ ಮುಟ್ಟುವವರೆಗೆ ಕಣ್ಣಿಗೆ ಬೀಳದು. ಈಗಿನ ವಿಹಾರದಲ್ಲಿ ಮೂರನೆಯ ಚೀಟಿಯಿಲ್ಲ. ಬೇಡವಾದದ್ದನ್ನು ಮನೆಯಲ್ಲೇ ಬಿಟ್ಟು ಬರಬೇಕು. ಯಾವುದು ಬೇಡವಾದದ್ದೆಂದು ಮೊದಲೇ ತೀರ್ಮಾನವಾಗಬೇಕು. ಗಂಡಹೆಂಡಿರ ನಡುವೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಅಪರೂಪ.

ಹಡಗಿನ ಉಡುಪಿನ ಮಾತು ಬಂದಾಗ ಗಾಂಧೀಜಿಯವರು ನೆನಪಾಗುತ್ತಾರೆ. 1888ರ ಸೆಪ್ಟೆಂಬರ್ 4ರಂದು ಅವರು ಮುಂಬಯಿಯಿಂದ ಹಡಗು ಹತ್ತಿದರು. ದಾರಿಯುದ್ದಕ್ಕೂ ಕಪ್ಪು ಉಡುಪು ತೊಟ್ಟಿದ್ದು, ಸ್ನೇಹಿತರು ಮಾಡಿಸಿಕೊಟ್ಟ ಬಿಳಿಯ ಫ್ಲಾನಲ್ ಉಡುಪನ್ನು ಇಳಿಯುವ ದಿನಕ್ಕೆಂದು ಜೋಪಾನವಾಗಿ ಎತ್ತಿಟ್ಟಿದ್ದರು. ಅವರ ನೆನಪಿನಂತೆ ಸೌದಾಂಪ್ಟನ್ನಿನಲ್ಲಿ ಇಳಿದಾಗ ಸೆಪ್ಟೆಂಬರಿನ ಕೊನೆ. ಬಿಳಿಯ ಬಟ್ಟೆಯವರು ಅವರೊಬ್ಬರೇ. ಎಲ್ಲರೂ ಮಾಡಿದಂತೆ ಅವರೂ ಸಾಮಾನನ್ನು, ಬೀಗದ ಕೈಗಳ ಸಹಿತ, ಏಜೆಂಟರಿಗೆ ಒಪ್ಪಿಸಿಬಿಟ್ಟಿದ್ದರು. ಮಾರನೆಯ ದಿನ ಭಾನುವಾರ, ಪೆಟ್ಟಿಗೆ ಸಿಗದು. ಆತ್ಮಕಥೆಯಲ್ಲಿ ಆ ನಾಚಿಕೆಯನ್ನು ಅವರು ಮುಚ್ಚಿಟ್ಟಿಲ್ಲ. ಓದಿದಾಗಲೆಲ್ಲ ನನಗೆ ಅನ್ನಿಸುತ್ತಿದ್ದದ್ದು, ಹದಿನೆಂಟರ ಹುಡುಗ, ಒಂದು ಜೊತೆ ಬಟ್ಟೆಯನ್ನು ಕೈಯಲ್ಲಿ ಇಟ್ಟುಕೊಳ್ಳುವಷ್ಟು ಮುಂದಾಲೋಚನೆ ಬೇಡವೆ ಎಂದು. ಈ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಾರಣ ಮುಂದೆ ತಿಳಿದೀತು.

ಮಗನ ಬಳಿ ಜಿಪ್ಪು ಹಚ್ಚಿದ ಪುಟ್ಟ ಪುಟ್ಟ ಚೀಲಗಳಿದ್ದವು. ಒಂದೊಂದು ದಿನದ ಬಟ್ಟೆಯನ್ನು ಒಂದೊಂದರಲ್ಲಿ ಸುರುಳಿ ಸುತ್ತಿ ತುಂಬಿದರೆ ಹುಡುಕಾಟ ತಪ್ಪುತ್ತದಂತೆ. ನನ್ನಾಕೆ ಅವುಗಳನ್ನು ತಿರುಗಿಸಿ ನೋಡಿ, "ಇದು ಗಂಟಲ್ಲವೆ?" ಎಂದಳು. ಹೌದು, ಗಂಟೇ. ಮದುವೆಗೆ ಹೊರಟಾಗ ದೇವರ ಕಾರ್ಯಕ್ಕೊಂದು, ಧಾರೆಗೊಂದು, ಬೀಗರ ಊಟಕ್ಕೊಂದು ಎಂದು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಡುವುದು ಆಕೆಗೆ ಹುಟ್ಟುವಿದ್ಯೆ. ತಾನು ತಂದಿದ್ದ ತುಂಡುಗಳಲ್ಲೇ ಏಳು ಗಂಟು ಕಟ್ಟಿದಳು. ಜಿಪ್ಪಿನ ಚೀಲಗಳಿಗಿಂತ ಅವು ಮೂಲೆಮೂಲೆಗೂ ಚೆನ್ನಾಗಿ ಒದಗಿದವು ಎಂಬುದನ್ನು ಮಗನೂ ಒಪ್ಪಿದ.

ಚಳಿಯ ಉಡುಪನ್ನು ಸೊಸೆ ವಿವರಿಸಿದಳು. ಒಂದೇ ದಪ್ಪ ಕೋಟು ಒಯ್ಯಬಾರದು, ಮೂರು ಪದರ ಒಯ್ಯಬೇಕು. ಒಳಗಿನದು ಬೆವರನ್ನು ಹೀರಿ ಹೊರಕ್ಕೆ ಬಿಡುವಂಥದು. ನಡುವಿನದು ಉಣ್ಣೆಯದು, ಬಿಸಿಗಾಳಿಯನ್ನು ಹಿಡಿದಿಡುವಂಥದು. ಹೊರಗಿನದು ಗಾಳಿ ಮಳೆಗಳನ್ನು ತಡೆಯುವಂಥದು. ಹತ್ತಿಯ ಬಟ್ಟೆ ನೆನೆದರೆ ನೀರು ಬಿಡದೆ ಮೈಯ ಕಾವನ್ನು ಕದಿಯುತ್ತದೆ. ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಕೇಳುತ್ತ ಕೇಳುತ್ತ ನನಗೆ ಕುರುಬರು ನೇಯ್ದ ಕಂಬಳಿಯ ನೆನಪಾಯಿತು. ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟರೆ ಮೂರು ಪದರಗಳ ಕೆಲಸವನ್ನೂ ಒಂದೇ ಮಾಡುತ್ತಿತ್ತು. ಅದನ್ನು ಬೆಂಗಳೂರಿನಲ್ಲೇ ಪೆಟ್ಟಿಗೆಯಿಂದ ತೆಗೆದಿಟ್ಟವನು ನಾನೇ.

ಸೊಸೆ ಅತ್ತೆಗೆಂದು ಷರಾಯಿಯೊಂದನ್ನು ಕೊಂಡು ತಂದಿದ್ದಳು. ಅತ್ತೆ ಅದನ್ನು ಬೇಡವೆನ್ನಲಿಲ್ಲ, ಮಡಿಸಿ ಪಕ್ಕಕ್ಕಿಟ್ಟಳು. "ಸೀರೆಯ ಒಳಗೆ ಬೇಕಾದರೆ ಆ ಬಿಗಿ ಉಣ್ಣೆಯದು ಹಾಕಿಕೊಳ್ಳುತ್ತೇನೆ ಕಣಮ್ಮ. ಹೊರಗೆ ಸೀರೆಯೇ." ಅಲ್ಲಿಗೆ ಆ ಸಂಧಾನ ಮುಗಿಯಿತು. ಮುಗಿಯದೆ ಉಳಿದದ್ದು ಇನ್ನೊಂದು ಸೀರೆಯ ವಿಷಯ.

ಅದು ಆಕೆಯ ತಾಯಿಯದು. ಅಡಕೆಯ ಬಣ್ಣದ ಒಡಲು, ಅಗಲವಾದ ಜರಿಯಂಚು. ಜರಿ ಒಂದೇ ಮಡಿಕೆಯಲ್ಲಿ ಬಹುಕಾಲ ಇದ್ದರೆ ಮುರಿಯುತ್ತದೆಂದು ವರ್ಷಕ್ಕೆರಡು ಬಾರಿ ಮಡಿಕೆ ಬದಲಿಸಿ, ಬಿಳಿಯ ಮಲ್ಲಿನಲ್ಲಿ ಸುತ್ತಿ, ನುಸಿಗುಳಿಗೆ ತಾಗದಂತೆ ಕಾದುಕೊಂಡು ಬಂದ ಸೀರೆ. ಎರಡು ಔತಣದ ರಾತ್ರಿಗಳಲ್ಲಿ ಒಂದಕ್ಕೆ ಅದೇ ಎಂದಳು. ನಾನು ತೂಕದ ವಾದ ಹೂಡಿದೆ. "ಅಮ್ಮ ಇದನ್ನು ಉಟ್ಟುಕೊಂಡು ತಿರುಪತಿಯಿಂದಾಚೆಗೆ ಹೋಗಲಿಲ್ಲ" ಎಂದಷ್ಟೇ ಹೇಳಿ ಪೆಟ್ಟಿಗೆಯ ನಡುವೆ ಇಟ್ಟಳು.

ಆ ರಾತ್ರಿ ಆಕೆ ಮಲಗಿದ ಮೇಲೆ ಪೆಟ್ಟಿಗೆ ಮುಚ್ಚಲು ಹೋದೆ. ಮುಚ್ಚಳ ಕೂಡಲಿಲ್ಲ. ಸೀರೆಯನ್ನು ತೆಗೆದು ಬೀರುವಿನ ಮೇಲಿನ ಅರೆಯಲ್ಲಿಟ್ಟೆ; ಮುಚ್ಚಳ ಕೂಡಿತು. ಇಷ್ಟನ್ನೇ ಹೇಳಿದರೆ ಅದು ಅರ್ಧ ಸತ್ಯ. ಆ ಸೀರೆ ಹೆಚ್ಚೆಂದರೆ ಒಂದು ಕಿಲೋ. ನನ್ನ ಕೋಟು ಅದಕ್ಕಿಂತ ಭಾರ. ಕೋಟನ್ನು ತೆಗೆಯಬಹುದಿತ್ತು. ಅಪರಿಚಿತರ ಭೋಜನಶಾಲೆಯಲ್ಲಿ ಎಲ್ಲರ ಕಣ್ಣೂ ನಮ್ಮ ಮೇಜಿನ ಕಡೆ ತಿರುಗುವುದನ್ನು ನೆನೆದು ನನಗೆ ಸಂಕೋಚವಾಗಿತ್ತು. ಐವತ್ತು ವರ್ಷ ಜೊತೆಗಿದ್ದವಳಿಗೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಬಂದರಿನಲ್ಲಿ ಪೆಟ್ಟಿಗೆಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಕೂಲಿಯವರಿಗೆ ಒಪ್ಪಿಸಿದೆವು. ಅದು ಸಂಜೆಗೆ ಕೋಣೆಯ ಬಾಗಿಲಿಗೆ ಬಂತು. ಅಷ್ಟರವರೆಗೆ ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಬೇಕೆಂಬುದು ಅನುಭವಿಗಳ ಮಾತು. ಪೆಟ್ಟಿಗೆ ಬಿಚ್ಚುವ ಕೆಲಸವನ್ನು ಆಕೆಗೆ ಬಿಟ್ಟು ನಾನು ಅಟ್ಟದ ಮೇಲೆ ಹೋಗಿ ಸಮುದ್ರ ನೋಡುತ್ತ ನಿಂತೆ. ಅಪರಾಧಿಗೆ ಸಮುದ್ರದಂಥ ಆಶ್ರಯವಿಲ್ಲ. ಮರಳಿ ಬಂದಾಗ ಕೋಣೆ ಮನೆಯಾಗಿತ್ತು. ಉಕ್ಕಿನ ಗೋಡೆಗೆ ಮಗ ತಂದಿದ್ದ ಅಯಸ್ಕಾಂತದ ಕೊಕ್ಕೆಗಳು ಅಂಟಿಕೊಂಡು ಮಳೆಯಂಗಿಗಳನ್ನು ಹೊತ್ತಿದ್ದವು. ಆಕೆ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಸಂಜೆ ಔತಣ. ಉಡುಪು ತೊಡಲು ಅಲಮಾರು ತೆರೆದೆ, ಕೋಟಿಲ್ಲ.

"ನನ್ನ ಕೋಟು ಎಲ್ಲಿ?"

"ಮಗನ ಮನೆಯ ಬೀರುವಿನಲ್ಲಿ. ಮೇಲಿನ ಅರೆ. ನೀವು ಸೀರೆ ಇಟ್ಟಿದ್ದಿರಲ್ಲ, ಅಲ್ಲೇ."

ಹೀಗೆಂದು ಆಕೆ ಹಾಸಿಗೆಯ ಅಂಚನ್ನು ಎತ್ತಿ, ಅಡಿಯಿಂದ ಸೀರೆಯನ್ನು ತೆಗೆದಳು. ಚೊಂಬಿನಲ್ಲಿ ಕೆಂಡ ಹಾಕಿ ಬಟ್ಟೆ ತೀಡುತ್ತಿದ್ದ ಕಾಲದಲ್ಲೂ ರೇಷ್ಮೆಗೆ ನಮ್ಮ ಕಡೆ ಹಾಸಿಗೆಯಡಿಯ ಇಸ್ತ್ರಿಯೇ. ಮಲ್ಲಿನ ನಡುವೆ ಸಪಾಟಾಗಿ ಹರವಿಟ್ಟರೆ ಬೆಳಗಾಗುವುದರೊಳಗೆ ಸುಕ್ಕು ಮಾಯ. ಹಡಗಿನ ಯಾವ ನಿಯಮವೂ ಅದಕ್ಕೆ ಅಡ್ಡ ಬರಲಿಲ್ಲ. ಹಿಂದಿನ ರಾತ್ರಿಯೆಲ್ಲ ನಾನು ಆ ಸೀರೆಯ ಮೇಲೆಯೇ ಮಲಗಿದ್ದೆ.

ಮಗನ ಕಂಠಪಟ್ಟಿಯೊಂದನ್ನು ಬಿಗಿದುಕೊಂಡು, ಕೋಟಿಲ್ಲದ ಅಂಗಿಯಲ್ಲಿ ಆಕೆಯ ಹಿಂದೆ ನಡೆದೆ. ಎಲ್ಲರೂ ತಿರುಗಿ ನೋಡಿದರು, ನನ್ನನ್ನಲ್ಲ. ಪಕ್ಕದ ಮೇಜಿನ ವೃದ್ಧೆಯೊಬ್ಬರು ಎದ್ದು ಬಂದು, ಮುಟ್ಟಬಹುದೆ ಎಂದು ಕೇಳಿ, ಜರಿಯಂಚನ್ನು ಬೆರಳ ತುದಿಯಿಂದ ಸವರಿದರು. ಇದರಲ್ಲಿ ಹೊಲಿಗೆ ಎಲ್ಲಿದೆ ಎಂದು ಅವರ ಪ್ರಶ್ನೆ. ಹೊಲಿಗೆಯೇ ಇಲ್ಲ, ಆರು ಗಜದ ಒಂದೇ ಬಟ್ಟೆ ಎಂದು ಸೊಸೆ ತಿಳಿಸಿದಾಗ ಅವರಿಗೆ ನಂಬಿಕೆಯಾಗಲಿಲ್ಲ. ಮೆಟ್ಟಲ ಬಳಿ ಛಾಯಾಗ್ರಾಹಕ ಕಾದಿದ್ದ. ನಾನೂ ಪಕ್ಕಕ್ಕೆ ಸರಿದೆ. "ನೀವು ಬೇಡಿ, ಕೋಟಿಲ್ಲ" ಎಂದಳು ನನ್ನಾಕೆ. ಚಿತ್ರ ಆ ವಾರವೇ ಸಾಗರದಲ್ಲಿರುವ ಆಕೆಯ ಅಕ್ಕನಿಗೆ ತಲುಪಿತು. ಅಮ್ಮ ನಿಂತ ಹಾಗೆಯೇ ಇದೆ ಎಂದು ಅವರು ಬರೆದಿದ್ದರು.

ಉಳಿದ ದಿನಗಳನ್ನು ವಿಸ್ತರಿಸುವುದಿಲ್ಲ. ಗ್ಲೇಸಿಯರ್ ಬೇಯಲ್ಲಿ ಗಂಟುಗಳೆಲ್ಲ ಬಿಚ್ಚಿ ಮೈಮೇಲೆ ಬಂದವು. ಉಣ್ಣೆಯ ಒಳಉಡುಪು, ಸೀರೆ, ಸ್ವೆಟರು, ಮಳೆಯಂಗಿ, ಕಾಲಿಗೆ ಓಟದ ಬೂಟು, ಈ ವೇಷದಲ್ಲಿ ಆಕೆ ಕಟಕಟೆ ಹಿಡಿದು ನಿಂತಿದ್ದಳು. ನೀಲಿಯ ಹಿಮದ ಗೋಡೆಯಿಂದ ಒಂದು ತುಂಡು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಕಂಡ ಮೇಲೆ ಗುಡುಗಿನಂಥ ಸದ್ದು ನಿಧಾನವಾಗಿ ಬಂತು. ಕೆಚಿಕನ್ನಿನಲ್ಲಿ ಮಳೆ ಮಾತು ತಪ್ಪಲಿಲ್ಲ.

ಕೊನೆಯ ರಾತ್ರಿಯ ಪದ್ಧತಿ ಒಂದುಂಟು. ಇಳಿಯುವ ಮುನ್ನಾ ರಾತ್ರಿಯೇ ಪೆಟ್ಟಿಗೆಯನ್ನು ಕಟ್ಟಿ ಬಾಗಿಲ ಹೊರಗಿಡಬೇಕು. ನಡುರಾತ್ರಿಯಲ್ಲಿ ಹಡಗಿನವರು ಅದನ್ನು ಒಯ್ಯುತ್ತಾರೆ, ಬೆಳಿಗ್ಗೆ ದಡದಲ್ಲಿ ಹುಡುಕಿಕೊಳ್ಳಬೇಕು. ಈ ಸಲ ಪೆಟ್ಟಿಗೆ ಕಟ್ಟುವ ಹೊಣೆ ನನ್ನದೆಂದು ಹಟ ಹಿಡಿದೆ. ಅರೆ, ಕೊಕ್ಕೆ, ಮಂಚದಡಿ ಎಲ್ಲವನ್ನೂ ಶೋಧಿಸಿ, ಒಂದು ಎಳೆಯನ್ನೂ ಬಿಡದೆ ತುಂಬಿ, ಮುಚ್ಚಳದ ಮೇಲೆ ಕುಳಿತು ಬೀಗ ಹಾಕಿ ಹೊರಗಿಟ್ಟೆ. ಬಹಳ ತೃಪ್ತಿಯಿಂದ ಮಲಗಿದೆ, ಉಟ್ಟ ಪಂಚೆಯಲ್ಲಿ.

ಬೆಳಿಗ್ಗೆ ಕೋಣೆಯಲ್ಲಿ ನನ್ನದೆಂದು ಉಳಿದದ್ದು ಆ ಪಂಚೆ, ಒಂದು ಬನೀನು, ಬೂಟು ಮತ್ತು ಪೆಟ್ಟಿಗೆಯಲ್ಲಿ ಹಿಡಿಸದ ಮಳೆಯಂಗಿ. ಮಗನ ಪೆಟ್ಟಿಗೆಯೂ ಹೋಗಿತ್ತು. ಮಳೆಯಂಗಿಯನ್ನು ಕೊರಳವರೆಗೆ ಏರಿಸಿ, ಸೊಂಟದ ಮೇಲೆ ನಾವಿಕನಾಗಿ ಕೆಳಗೆ ಪುರೋಹಿತನಾಗಿ ಸಿಯಾಟಲ್ಲಿನಲ್ಲಿ ಇಳಿದೆ. ಸುಂಕದ ಅಧಿಕಾರಿ ನನ್ನ ಮುಖವನ್ನೂ ರಹದಾರಿಯನ್ನೂ ಹೋಲಿಸಿ, ಒಮ್ಮೆ ಕೆಳಗೆ ನೋಡಿ, ಏನೂ ಅನ್ನದೆ ಬಿಟ್ಟ. ಸಾಮಾನಿನ ಚಾವಡಿಯಲ್ಲಿ ಸಾವಿರಾರು ಜನ ತಮ್ಮ ಚೀಟಿಯ ಬಣ್ಣ ಹುಡುಕುತ್ತಿದ್ದರು. ಬಿಳಿಯ ಬಟ್ಟೆಯುಟ್ಟವನು ಅಲ್ಲಿ ನಾನೊಬ್ಬನೇ. ನನ್ನಾಕೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು, ಕೈಚೀಲವನ್ನು ಎದೆಗವಚಿಕೊಂಡು. ಸೀರೆಯನ್ನು ಆಕೆ ನಾನು ಕಟ್ಟಿದ ಪೆಟ್ಟಿಗೆಗೆ ಹಾಕಿರಲಿಲ್ಲ.