ನಿಮಗಿದು ಗೊತ್ತೆ? ಜರ್ಮನ್ ಹಾಡುಗಳಿಗೆ ಮೈಸೂರಿನ ಜಾಮೀನು

ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಸೇರಿದ ಜರ್ಮನ್ ಪರಂಪರೆಯ ತಂತಿವಾದ್ಯ ಚತುಷ್ಟಯಕ್ಕೂ ನಮಗೂ ಎತ್ತಣ ನಂಟು ಎಂದು ತಾರಿಹಾಳದ ಓದುಗರು ಕೇಳಬಹುದು. ನಂಟಿದೆ, ಅದೂ ಹಣಕಾಸಿನದು. ಜರ್ಮನ್ ಮೂಲದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆಯಿಂದ ಕುಗ್ಗಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಮೈಸೂರಿನ ಅರಸ ಜಯಚಾಮರಾಜೇಂದ್ರ ಒಡೆಯರ್. ಚತುಷ್ಟಯದ ಜೊತೆ ಪಿಯಾನೊ ಕೂಡಿದ ಪಂಚಕವೊಂದನ್ನು ಮೆಟ್ನರ್ 1949ರಲ್ಲಿ ಏಯೋಲಿಯನ್ ಕ್ವಾರ್ಟೆಟ್‌ನೊಂದಿಗೆ ನುಡಿಸಿದ್ದು ಈ ನೆರವಿನ ಕಾಲದಲ್ಲೇ. ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರು ಒಡೆಯರಿಗೆ ಅರ್ಪಿಸಿದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ರ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದಾಗಲೂ ಖರ್ಚಿಗೆ ಜಾಮೀನು ನಿಂತವರು ಇವರೇ. ಒಡೆಯರಿಗೆ ಆ ಕಛೇರಿಗೆ ಹೋಗಲಾಗಲಿಲ್ಲ, ಧ್ವನಿಮುದ್ರಣ ಮೈಸೂರಿಗೆ ಬಂತು.

ಇದು ಅರಸನ ಷೋಕಿ, ಮನೆಯ ಸಂಗೀತ ಬಿಟ್ಟು ಪರದೇಶಿ ಮೋಹ ಎನ್ನುವವರುಂಟು. ಷೋಕಿಯಾಗಿದ್ದರೆ ಹೆಸರಾಂತರನ್ನಷ್ಟೇ ಹಿಡಿಯಬಹುದಿತ್ತು. ಮೆಟ್ನರ್ ಆಗ ಬಹುಮಟ್ಟಿಗೆ ಮರೆತುಹೋದವರು. ಇನ್ನು ಮನೆಯ ಸಂಗೀತ: ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದವರೂ ಇದೇ ಒಡೆಯರ್.